ಪ್ಲಾಸ್ಟಿಕ್ ತಿಮಿಂಗಿಲದಿಂದ ಏನಾದರೂ ಉಪಯೋಗ ಇದೆಯಾ?

ಗೀಚುಗಾರ: ಬೆಲ್ಜಿಯಂನ ಬ್ರೂಜ್ ಊರಿನ ಕಾಲುವೆಯಲ್ಲಿ 2018ರಲ್ಲಿ ಒಂದು ತಿಮಿಂಗಿಲ ನಿಲ್ಲಿಸಿದ್ದರು. ಹವಾಯಿ ಕಡಲತೀರದಲ್ಲಿ ಆಯ್ದ ಸುಮಾರು 5 ಟನ್ ಪ್ಲಾಸ್ಟಿಕ್ ಕಸದಿಂದ ಮಾಡಿದ್ದು. ನೀರಿಂದ ಮೇಲಕ್ಕೆ ಚಿಮ್ಮಿದ ಹಾಗೆ, ನಾಲ್ಕು ಮಹಡಿ ಎತ್ತರ! ನ್ಯೂಯಾರ್ಕಿನ ಸ್ಟುಡಿಯೋಕೆಸಿಎ ಅನ್ನೋ ವಿನ್ಯಾಸ ಸಂಸ್ಥೆಯವರ ಕೆಲಸ. ನೂರು ಭಾಷಣಕ್ಕಿಂತ ಇದೊಂದು ಸಾಕು ಅನಿಸಿತು ನನಗೆ.

ಬಿಸಿಲುನಾಡು: ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಹವಾಯಿಯಿಂದ ಯುರೋಪಿಗೆ, ಕಸಕ್ಕೂ ವಿದೇಶ ಪ್ರವಾಸ! ಅದಕ್ಕೆ ಸುಟ್ಟ ಇಂಧನದ ಲೆಕ್ಕ ಯಾರು ಕೊಡ್ತಾರೆ? ನಮ್ಮಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲ ನಿಷೇಧ, ಸಂತೆಯಲ್ಲಿ ಇವತ್ತಿಗೂ ಹೂವು ಕಟ್ಟಿಕೊಡೋದು ಅದರಲ್ಲೇ. ಕಾನೂನಿಗೇ ಬಗ್ಗದವರು ತಿಮಿಂಗಿಲಕ್ಕೆ ಬಗ್ಗುತ್ತಾರಾ?

ಮಲೆನಾಡ ಮಳೆ: ಬ್ರೂಜ್ ಕಾಲುವೆಯ ಕಸದಲ್ಲೇ ಮಾಡಿದ್ದರೆ ನಗರಸಭೆಗೆ ಬೈದು ಮುಗಿಸುತ್ತಿದ್ದರು. ಎಲ್ಲೋ ಎಸೆದಿದ್ದು ಪೆಸಿಫಿಕ್ ಸುತ್ತಿ ಹವಾಯಿ ದಡ ಸೇರುತ್ತೆ ಅನ್ನೋದೇ ಅಲ್ವಾ ವಿಷಯ? ಫೋಟೋ ಹಿಗ್ಗಿಸಿ ನೋಡಿ. ದೂರದಿಂದ ನೀಲಿ ಬಿಳಿ ಚರ್ಮದ ಹಾಗೆ ಕಾಣುತ್ತೆ, ಹತ್ತಿರದಿಂದ ನೋಡಿದರೆ ಕುರ್ಚಿ, ಡಿಟರ್ಜೆಂಟ್ ಡಬ್ಬಿ, ಎಲ್ಲಾ ನಮ್ಮ ಮನೆಯಲ್ಲೇ ಇರೋ ಸಾಮಾನು.

ಬಂದರು ಹುಡುಗ: ಮಲ್ಪೆ ಕಡೆಯವನು ನಾನು. ಮನೆಸಾಮಾನು ತೋರಿಸಿ ಮನೆಯವರನ್ನು ಬೈಯೋದು ಸುಲಭ ಮಾರಾಯ್ರೆ. ಪೆಸಿಫಿಕ್ ಸಾಗರದಲ್ಲಿ ಒಂದೆಡೆ ಸೇರಿ ತೇಲುತ್ತಿರುವ ಕಸದ ರಾಶಿ ಬಗ್ಗೆ ಅದೇ 2018ರಲ್ಲಿ ಬಂದ ಅಧ್ಯಯನದ ಪ್ರಕಾರ, ಅದರ ತೂಕದಲ್ಲಿ 46% ಮೀನಿನ ಬಲೆಗಳೇ. ಬಲೆ ಹರಿದು ಸಮುದ್ರದಲ್ಲೇ ಉಳಿದರೂ ಸುಮ್ನೆ ಇರಲ್ಲ, ಯಾರೂ ಎಳೆಯದಿದ್ದರೂ ಮೀನು, ಆಮೆ ಹಿಡಿಯುತ್ತಾನೇ ಇರುತ್ತೆ. ನೈಲಾನ್, ಕೊಳೆಯೋದಿಲ್ಲ. ಹರಿದ ಬಲೆ ದಡಕ್ಕೆ ತಂದವನಿಗೆ ಕೆಜಿಗೆ ಇಷ್ಟು ಅಂತ ದುಡ್ಡು ಕೊಡಲಿ, ಶಿಲ್ಪ ಆಮೇಲೆ ಮಾಡಿ.

ಗೀಚುಗಾರ: ಬಲೆಯಲ್ಲೂ ಮಾಡುವವರಿದ್ದಾರೆ. ಆಸ್ಟ್ರೇಲಿಯಾದ ಟಾರೆಸ್ ಜಲಸಂಧಿಯ ಎರುಬ್ ದ್ವೀಪದವರು ಇಂಥ ಬಿಟ್ಟ ಬಲೆಗಳಲ್ಲೇ ಆಮೆ, ಮೀನು ಹೆಣೆಯುತ್ತಾರೆ. 2016ರಲ್ಲಿ ಮೊನಾಕೊದ ಸಮುದ್ರ ಮ್ಯೂಸಿಯಂನಲ್ಲೂ ಪ್ರದರ್ಶನ ಆಗಿತ್ತು.

ಬಿಸಿಲುನಾಡು: ಇದು ಒಪ್ಪುವ ಮಾತು. ಆ ಸಮುದ್ರ ಅವರದ್ದು, ಆಮೆ ಅವರದ್ದು. ಇಟಲಿಯ ಕ್ರ್ಯಾಕಿಂಗ್ ಆರ್ಟ್ ಅನ್ನೋ ಕಲಾವಿದರ ಗುಂಪಿನವರು ಊರೂರಲ್ಲಿ ಬಣ್ಣಬಣ್ಣದ ದೊಡ್ಡ ಪ್ಲಾಸ್ಟಿಕ್ ಬಸವನಹುಳು ಇಡುತ್ತಾರಲ್ಲ, ಮರುಬಳಕೆ ಆಗುತ್ತೆ ಅಂತ ಹೇಳಿಕೊಂಡು, ಅದು ನನಗೆ ಅಲಂಕಾರ ಅಷ್ಟೇ.

ಬಂದರು ಹುಡುಗ: ಆ ಬಲೆ ಆಮೆಯ ಫೋಟೋ ಇದ್ದರೆ ಹಾಕಿ. ನಮ್ಮ ಬೋಟಿನವರ ಗ್ರೂಪಿಗೆ ಕಳಿಸುತ್ತೇನೆ. ಕೆಜಿಗೆ ಎಷ್ಟು ಅಂತ ಕೇಳೇ ಕೇಳುತ್ತಾರೆ, ಅದಕ್ಕೂ ಉತ್ತರ ರೆಡಿ ಇಟ್ಟಿರಿ.