ಕಿವಿ ಮೆಷಿನ್ ಹಾಕಿಕೊಂಡು ಫೋನ್‌ನಲ್ಲಿ ಮಾತಾಡಿದರೆ ಕುಂಯ್ ಅನ್ನುತ್ತದೆ

ಪ್ರಶ್ನೆ: ಅಜ್ಜಿಗೆ 78 ವರ್ಷ. ಕಿವಿಯ ಹಿಂದೆ ಕೂರುವ ಹಿಯರಿಂಗ್ ಏಡ್ ಇದೆ. ಎದುರು ಮಾತಾಡಿದರೆ ಚೆನ್ನಾಗಿ ಕೇಳುತ್ತದೆ, ಫೋನ್ ಕಿವಿಗಿಟ್ಟರೆ ಮಾತ್ರ ಶಿಳ್ಳೆ. ಫೋನ್ ಬದಲಿಸಬೇಕಾ?

ಉತ್ತರ 1: ಮೊದಲು ಹಿಡಿಯುವ ರೀತಿ ಬದಲಿಸಿ. ಈ ಬಗೆಯ ಮೆಷಿನ್‌ನ ಮೈಕ್ ಇರುವುದು ಕಿವಿಯ ಮೇಲ್ತುದಿಯಲ್ಲಿ, ಕಿವಿಯ ತೂತಿನಲ್ಲಲ್ಲ. ಫೋನಿನ ಸ್ಪೀಕರ್ ಅಲ್ಲಿಗೆ ಬರಬೇಕು. ಒತ್ತಿ ಹಿಡಿಯದೆ, ಒಂದೆರಡು ಸೆಂಟಿಮೀಟರ್ ದೂರದಲ್ಲಿ ಸ್ವಲ್ಪ ಓರೆಯಾಗಿ ಇಡಲಿ. ಒತ್ತಿದರೆ ಕಿವಿಯಿಂದ ಹೊರಗೆ ಸೋರಿದ ಸದ್ದು ಫೋನಿಗೆ ಬಡಿದು ಮತ್ತೆ ಮೈಕ್‌ಗೆ ಹೋಗುತ್ತದೆ. ಶಿಳ್ಳೆ ಅದೇ.

ಉತ್ತರ 2: ಸದ್ದು ಸೋರುವುದೇಕೆ ಅನ್ನುವುದನ್ನೂ ನೋಡಿ. ಇಯರ್ ಮೋಲ್ಡ್ (ಕಿವಿಯೊಳಗೆ ಕೂರುವ ಅಚ್ಚು) ಸಡಿಲವಾಗಿರಬಹುದು, ಟ್ಯೂಬ್ ಗಟ್ಟಿಯಾಗಿ ಬಿರಿದಿರಬಹುದು, ಕಿವಿಯಲ್ಲಿ ಗುಗ್ಗೆ ತುಂಬಿರಬಹುದು. ಗುಗ್ಗೆಯನ್ನು ನೀವೇ ಕೆದಕಬೇಡಿ, ದಯವಿಟ್ಟು ಇಎನ್‌ಟಿ ವೈದ್ಯರಿಗೆ ತೋರಿಸಿ.

ಉತ್ತರ 3: ಮೆಷಿನ್‌ನಲ್ಲಿ ಟೆಲಿಕಾಯಿಲ್ ಇದೆಯಾ ಅಂತ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಕೇಳಿ. ಇದ್ದರೆ ಅದನ್ನು ಆನ್ ಮಾಡಿಸಿ. ಆಗ ಮೆಷಿನ್ ಮೈಕ್ ಬಿಟ್ಟು ಫೋನಿನ ಕಾಂತಕ್ಷೇತ್ರದಿಂದಲೇ ಮಾತು ಹಿಡಿಯುತ್ತದೆ, ಶಿಳ್ಳೆ ಬರುವುದಿಲ್ಲ. ಆದರೆ ಎಲ್ಲ ಫೋನ್‌ಗೂ ಹೊಂದುವುದಿಲ್ಲ. ಹೊಸ ಫೋನ್ ಕೊಳ್ಳುವ ಮೊದಲು ಅಜ್ಜಿಯ ಕಿವಿಗೇ ಇಟ್ಟು ಕರೆ ಮಾಡಿ ನೋಡಿ. ಅಲ್ಲಿವರೆಗೆ ಸ್ಪೀಕರ್ ಆನ್ ಮಾಡಿ ಮೇಜಿನ ಮೇಲಿಟ್ಟರೆ ಸಾಕು.