ಇಲ್ಲವೆನ್ನಲು ಬಾರದ ಇ4ಎಕ್ಸ್

"ಜಾವಾಸ್ಕ್ರಿಪ್ಟಿನ ನಡುವೆಯೇ ಟ್ಯಾಗ್ ಬರೆಯುವುದೆಂದರೆ ಎಂಥ ಹೊಸ ಆಲೋಚನೆ!" ಎಂದು ರಘು, ರಿಯಾಕ್ಟ್ ಲೈಬ್ರರಿಯ ಜೆಎಸ್‌ಎಕ್ಸ್ ಎಂಬ ಬರವಣಿಗೆಯ ರೀತಿಯ ಗುಣಗಾನಕ್ಕೆ ತೊಡಗಿದ್ದೇ ತಡ, ಶಾಮಣ್ಣನವರು ಕಾಫಿ ಲೋಟ ಕೆಳಗಿಟ್ಟರು.

"ಇದರಲ್ಲಿ ಹೊಸದೇನು ಬಂತಪ್ಪ? ಟ್ಯಾಗ್‌ಗಳಲ್ಲಿ ಮಾಹಿತಿ ಬರೆದಿಡುವ ಎಕ್ಸ್‌ಎಂಎಲ್ ಅನ್ನು ಜಾವಾಸ್ಕ್ರಿಪ್ಟಿನೊಳಗೇ ಬರೆಯಲು ಬಿಡುವ ಇ4ಎಕ್ಸ್ 2004ರಲ್ಲೇ ಎಕ್ಮಾ-357 ಎಂಬ ಮಾನಕವಾಗಿ ಬಂದಿತ್ತು. ಎಕ್ಸ್‌ಎಂಎಲ್ ಅನ್ನು ಕೋಟ್ ಇಲ್ಲದೆ ಹಾಗೆಯೇ ವೇರಿಯೇಬಲ್‌ಗೆ ಕೊಟ್ಟು, ಆರ್ಡರ್ ಡಾಟ್ ಐಟಂ ಡಾಟ್ ಅಟ್ ಪ್ರೈಸ್ ಎಂದು ಬರೆದರೆ ಬೆಲೆ ಸಿಗುತ್ತಿತ್ತು. ಎರಡು ಡಾಟ್ ಹಾಕಿದರೆ ಎಷ್ಟು ಆಳದಲ್ಲಿ ಅಡಗಿದ್ದ ಐಟಮ್ಮೂ ಎದ್ದು ಬರುತ್ತಿತ್ತು. ನಿನ್ನ ಜೆಎಸ್‌ಎಕ್ಸ್ ಬ್ರೌಸರಿಗೆ ಅರ್ಥವೇ ಆಗುವುದಿಲ್ಲ, ಮೊದಲೇ ಅದನ್ನು ಫಂಕ್ಷನ್ ಕಾಲ್‌ಗಳಾಗಿ ಬದಲಿಸಿ ಬಡಿಸಬೇಕು."

"ಅಷ್ಟು ಒಳ್ಳೆಯದಾಗಿದ್ದರೆ ಅದು ಹೋದದ್ದೇಕೆ?" ಎಂದಳು ಪದ್ಮಾ.

"ಅತಿಯಾದ ಸಂಕೋಚದ ಸ್ವಭಾವ, ನೋಡು. ಇಲ್ಲದ ಐಟಂ ಕೇಳಿದರೆ ಇಲ್ಲವೆನ್ನದೆ ಖಾಲಿ ಪಟ್ಟಿ ಕೊಡುತ್ತಿತ್ತು. ಆ ಖಾಲಿ ಪಟ್ಟಿಯನ್ನು ಇಫ್‌ನೊಳಗೆ ಇಟ್ಟರೆ ನಿಜವೆಂದೇ ಉತ್ತರ! ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರಿಗೆ ಖಾಲಿ ಡಬ್ಬವನ್ನೇ ನಗುನಗುತ್ತ ಕೊಟ್ಟು ಕಳುಹಿಸುವಂಥ ಮರ್ಯಾದೆ ಅದು."

"ಲೆಂಗ್ತ್ ನೋಡಿಕೊಂಡರಾಗುತ್ತಿತ್ತಲ್ಲ?"

"ಅದನ್ನೂ ಬ್ರ್ಯಾಕೆಟ್ ಹಾಕಿಯೇ ಕೇಳಬೇಕಿತ್ತು. ಲೆಂಗ್ತ್ ಎಂಬ ಹೆಸರಿನ ಟ್ಯಾಗ್ ಎಲ್ಲಾದರೂ ಇದ್ದೀತೆಂಬ ಸಂಕೋಚ! ಬ್ರ್ಯಾಕೆಟ್ ಮರೆತೆಯೋ, ಮತ್ತೆ ಅದೇ ಖಾಲಿ ಡಬ್ಬ. ಇಷ್ಟು ಸಾಧುವಾದದ್ದು, ಎಕ್ಸ್‌ಎಂಎಲ್‌ನ ಮೊದಲ ಸಾಲಿನ ವರ್ಷನ್ ಘೋಷಣೆಯನ್ನು ಕಂಡರೆ ಮಾತ್ರ ಫೈರ್‌ಫಾಕ್ಸ್‌ನಲ್ಲಿ ಎರರ್ ಎಂದು ಕಿರುಚಿಕೊಳ್ಳುತ್ತಿತ್ತು. ಸರ್ವರಿನಿಂದ ಬಂದದ್ದರ ತಲೆ ಕತ್ತರಿಸಿಯೇ ಒಳಗೆ ಬಿಡಬೇಕು."

"ಹಾಗಾದರೆ ಹೋದದ್ದೇ ಒಳ್ಳೆಯದಾಯಿತು," ಎಂದ ರಘು.

ಶಾಮಣ್ಣನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಎಕ್ಸ್‌ಪ್ಲೋರರ್ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ಕ್ರೋಮ್ ಕೂಡ. ಮಾಹಿತಿ ಕಳುಹಿಸಲು ಜೇಸಾನ್ ಎಂಬ ಇನ್ನೊಂದು ರೂಪ ಬಂದ ಮೇಲೆ ಎಕ್ಸ್‌ಎಂಎಲ್ ಕೇಳುವವರೇ ಕಡಿಮೆಯಾದರು. 2013ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ 21 ಅದನ್ನು ಹೊರಗೆ ಹಾಕಿತು. ನಿನ್ನ ರಿಯಾಕ್ಟ್ ಜೆಎಸ್‌ಎಕ್ಸ್‌ನ ಕೈ ಹಿಡಿದುಕೊಂಡು ಲೋಕಕ್ಕೆ ಕಾಣಿಸಿಕೊಂಡದ್ದೂ ಅದೇ ತಿಂಗಳು. ನಾನು ಫ್ಲ್ಯಾಶ್‌ನ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 3ರಲ್ಲಿ ಇ4ಎಕ್ಸ್ ಅನ್ನು ನೆಮ್ಮದಿಯಾಗಿ ಬಳಸುತ್ತಿದ್ದೆ. 2020 ಮುಗಿಯುವಷ್ಟರಲ್ಲಿ ಫ್ಲ್ಯಾಶೂ ಹೋಯಿತು. ಈಗ ಜಾವಾದಲ್ಲಿ ಬರೆದ ರೈನೋ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್‌ನಂಥ ಕೆಲವು ಕಡೆ ಉಳಿದುಕೊಂಡಿದೆ, ಅಷ್ಟೇ."

ರಘು ಅಷ್ಟರಲ್ಲಿ ಲ್ಯಾಪ್‌ಟಾಪ್ ತೆರೆದು, ಬ್ರೌಸರಿನ ಕನ್ಸೋಲಿನಲ್ಲಿ ಆರ್ಡರಿನ ಟ್ಯಾಗ್ ಬರೆದು ಎಂಟರ್ ಒತ್ತಿದ. ಮೊದಲ ಕೋನಚಿಹ್ನೆಗೇ ಕೆಂಪಕ್ಷರದ ಸಿಂಟ್ಯಾಕ್ಸ್ ಎರರ್ ಬಂತು.

"ನೋಡಿದೆಯಾ," ಎಂದರು ಶಾಮಣ್ಣನವರು, "ಇಲ್ಲವೆನ್ನುವುದನ್ನು ಕಲಿತುಕೊಂಡಿದೆ."