ಕಾಂಕ್ರೀಟ್ ಬಿರುಕಿನ ಮಾಡೆಲಿಂಗ್: ಸಿಡಿಪಿಯಾ, ಫೇಸ್ ಫೀಲ್ಡಾ? ಮಾಡಿದವರು ಹೇಳಿ

ಪ್ರಶ್ನೆ (ಉಡುಪಿ, ಎಂಟೆಕ್): ನಾಚ್ (ನಡುವೆ ಸಣ್ಣ ಸೀಳು) ಕೊಯ್ದ 100×100×500 ಮಿಮೀ ಬೀಮ್‌ಗಳ ಮೂರು ಪಾಯಿಂಟ್ ಬೆಂಡಿಂಗ್ ಟೆಸ್ಟ್ ಮುಗಿದಿದೆ. ಬಿರುಕಿನ ಬಾಯಿ ಎಷ್ಟು ತೆರೆಯಿತು ಎಂಬ ಕರ್ವ್ ಕೈಯಲ್ಲಿದೆ. ಇದನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಲು ಸಿಡಿಪಿ (ಕಾಂಕ್ರೀಟ್ ಡ್ಯಾಮೇಜ್ಡ್ ಪ್ಲಾಸ್ಟಿಸಿಟಿ, ಬಿರುಕನ್ನು ಎಲಿಮೆಂಟಿನ ಬಲ ಕುಗ್ಗಿದಂತೆ ಲೆಕ್ಕ ಹಾಕುವ ಮಾಡೆಲ್) ಸಾಕಾ, ಫೇಸ್ ಫೀಲ್ಡ್ (ಬಿರುಕನ್ನು ಸಣ್ಣ ಪಟ್ಟಿಯಾಗಿ ಹರಡಿ, ಅದರ ದಾರಿಯನ್ನು ಲೆಕ್ಕವೇ ಹುಡುಕುವ ಮಾಡೆಲ್) ಬೇಕಾ? ನಾಲ್ಕು ತಿಂಗಳು ಉಂಟು. 16 ಜಿಬಿ ಲ್ಯಾಪ್‌ಟಾಪ್.

ಸುರತ್ಕಲ್: ಸಿಡಿಪಿಯೇ ಮಾಡಿ. ನಾನು ಏಳು ವಾರ ಕಳೆದುಕೊಂಡೆ, ಆದರೆ ತಪ್ಪು ನನ್ನದು. ಟೆನ್ಶನ್ ಸಾಫ್ಟನಿಂಗನ್ನು (ಬಿರುಕು ಬಿಟ್ಟ ಮೇಲೆ ಎಳೆತ ತಡೆಯುವ ಬಲ ಇಳಿಯುವ ಬಗೆ) ಸ್ಟ್ರೇನ್‌ನಲ್ಲಿ ಕೊಟ್ಟಿದ್ದೆ. 20 ಮಿಮೀ ಮೆಶ್‌ನಲ್ಲಿ (ಲೆಕ್ಕಕ್ಕಾಗಿ ಬೀಮನ್ನು ಎಲಿಮೆಂಟ್ ಎಂಬ ತುಂಡುಗಳಾಗಿ ಒಡೆದ ಬಲೆ) ಕರ್ವ್ ಟೆಸ್ಟಿಗೆ ಚೆಂದ ಹೊಂದಿತು. 10ಕ್ಕೆ ಇಳಿಸಿದೆ, ಬೀಮ್ ಬೇಗ ಸೋತಿತು. 5ಕ್ಕೆ ಇಳಿಸಿದೆ, ಪೀಕ್ ದಾಟಿದ ಕೂಡಲೇ ಲೋಡ್ ದಬಕ್ಕನೆ ಬಿತ್ತು. ಬಿರುಕು ಒಂದೇ ಸಾಲಿನ ಎಲಿಮೆಂಟುಗಳಲ್ಲಿ ಕೂರುತ್ತದೆ, ಎಲಿಮೆಂಟ್ ಸಣ್ಣದಾದಷ್ಟೂ ಖರ್ಚಾಗುವ ಶಕ್ತಿ ಕಮ್ಮಿ. ಬಜಾಂತ್ ಮತ್ತು ಓ ಎಂಬ ಇಬ್ಬರು ಸಂಶೋಧಕರು 1983ರಲ್ಲೇ ಕ್ರ್ಯಾಕ್ ಬ್ಯಾಂಡ್ ಎಂದು ಇದಕ್ಕೆ ಮದ್ದು ಹೇಳಿದ್ದಾರೆ. ಸ್ಟ್ರೇನ್ ಬದಲು ಜಿಎಫ್ (ಬಿರುಕು ಬಿಡಲು ಖರ್ಚಾಗುವ ಶಕ್ತಿ) ಕೊಟ್ಟ ಮೇಲೆ ಮೂರೂ ಮೆಶ್ ಹತ್ತಿರ ಬಂದವು. ಆಮೇಲೆ ವಿಸ್ಕಾಸಿಟಿ (ಲೆಕ್ಕ ನಿಲ್ಲದೆ ಮುಂದೆ ಹೋಗಲಿ ಎಂದು ಸೇರಿಸುವ ಕೃತಕ ಅಂಕೆ). ಕನ್ವರ್ಜ್ ಆಗಲಿ ಎಂದು 0.01 ಹಾಕಿದೆ, ಪೀಕ್ ಲೋಡ್ ಸುಮ್ನೆ ಏರಿತು. 0.00001ಕ್ಕೆ ಇಳಿಸಿದರೆ ಒಂದು ರನ್‌ಗೆ 11 ಗಂಟೆ. ಜೂನ್ ತಿಂಗಳ ಗಾಳಿಮಳೆ. ಹತ್ತನೇ ಗಂಟೆಗೆ ಕರೆಂಟ್ ಹೋಯಿತು. ಮೂರು ಸಲ ಹೀಗಾದ ಮೇಲೆ 6,800 ರೂಪಾಯಿ ಕೊಟ್ಟು ಯುಪಿಎಸ್ ತಂದೆ.

ಮಣಿಪಾಲ: ಇಷ್ಟೆಲ್ಲ ಒದ್ದಾಡಿ ಸಿಕ್ಕಿದ್ದೇನು? ಹರಡಿದ ಬಣ್ಣದ ಚಿತ್ರ. ಬಿರುಕು ಎಲ್ಲಿ ತಿರುಗುತ್ತದೆ ಎಂದು ಮೆಶ್ ತೀರ್ಮಾನಿಸಬಾರದು. ನಾನು ಫೇಸ್ ಫೀಲ್ಡ್ ಮಾಡಿದೆ, ಫೆನಿಕ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ. ಲೈಸೆನ್ಸ್ ಖರ್ಚು ಇಲ್ಲ. ರ‍್ಯಾಮ್ 64 ಜಿಬಿಗೆ ಏರಿಸಲು 17,500 ಆಯಿತು. ಬಿರುಕು ಹೋಗುವ ದಾರಿಯಲ್ಲಿ ಮೆಶ್, ಉದ್ದದ ಅಳತೆಯ (ಬಿರುಕನ್ನು ಎಷ್ಟು ಅಗಲಕ್ಕೆ ಹರಡುತ್ತೇವೆ ಎಂದು ತೀರ್ಮಾನಿಸುವ ಅಂಕೆಯ) ಅರ್ಧಕ್ಕಿಂತ ಸಣ್ಣದಿರಬೇಕು. ಮೊದಲು ಇಡೀ ಬೀಮ್‌ಗೇ ಹಾಗೆ ಹಾಕಿ ಎರಡು ವಾರ ಹಾಳು ಮಾಡಿದೆ. ಆದರೆ ಎಲ್ ಆಕಾರದ ಪ್ಯಾನೆಲ್‌ನಲ್ಲಿ ಬಿರುಕು ತಾನಾಗಿ ಬಾಗಿದ್ದನ್ನು ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಸುರತ್ಕಲ್: ಆ ಉದ್ದದ ಅಳತೆ ಎಷ್ಟು ಇಟ್ಟಿರಿ, ಅದನ್ನು ಹೇಳಿ ಮಾರಾಯ್ರೆ. ಎಟಿ2 ಎಂಬ ಮಾಮೂಲಿ ಫೇಸ್ ಫೀಲ್ಡ್ ಮಾಡೆಲ್‌ನಲ್ಲಿ ಇ (ಕಾಂಕ್ರೀಟಿನ ಬಿಗಿತ) 30,000, ಜಿಎಫ್ 0.14, ಟೆನ್ಸೈಲ್ (ಎಳೆತ ತಡೆಯುವ) ಬಲ 3 ಹಾಕಿ ಲೆಕ್ಕ ಮಾಡಿ. ಹತ್ತಿರ ಹತ್ತಿರ 49 ಮಿಮೀ ಬರುತ್ತದೆ. ಬೀಮಿನ ಎತ್ತರವೇ 100! ಇದು ಹರಡಿದ ಚಿತ್ರ ಅಲ್ವಾ?

ಮಣಿಪಾಲ: ಎಟಿ2 ಎಂದು ನಾನು ಹೇಳಲೇ ಇಲ್ಲ. 2017ರಲ್ಲಿ ವೂ ಎಂಬ ಸಂಶೋಧಕ ಕೊಟ್ಟ ಕೊಹೆಸಿವ್ ಫೇಸ್ ಫೀಲ್ಡ್ ಓದಿ, ಆಮೇಲೆ ಮಾತಾಡಿ. ಅಲ್ಲಿ ಉದ್ದದ ಅಳತೆ ಬದಲಿಸಿದರೂ ಕರ್ವ್ ಹೆಚ್ಚು ಅಲ್ಲಾಡುವುದಿಲ್ಲ.

ಕಟಪಾಡಿ: ಇಬ್ಬರೂ ಯೂನಿಟ್ ಹೇಳಲಿಲ್ಲ. ನಾನು ಮಾಡೆಲ್ ಕೋಡ್ 2010 ಎಂಬ ಅಂತರರಾಷ್ಟ್ರೀಯ ಕಾಂಕ್ರೀಟ್ ಕೋಡಿನ ಸೂತ್ರದಿಂದ ಜಿಎಫ್ 140 ತೆಗೆದು, ಹಾಗೆಯೇ ಹಾಕಿದೆ. ಅದು ಮೀಟರಿಗೆ ನ್ಯೂಟನ್, ನನ್ನ ಮಾಡೆಲ್ ಮಿಮೀಯಲ್ಲಿ. 0.14 ಹಾಕಬೇಕಿತ್ತು. ಬೀಮ್ ಮುರಿಯಲೇ ಇಲ್ಲ. 19 ದಿನ ಬೌಂಡರಿ ಕಂಡೀಶನ್‌ನಲ್ಲಿ (ಬೀಮಿಗೆ ಆಧಾರ, ಲೋಡ್ ಕೊಟ್ಟ ಬಗೆ) ತಪ್ಪು ಹುಡುಕಿದೆ. ಆ ವಾರ ಅಕ್ಕನ ಮದುವೆ, ಅಲ್ಲಿಗೂ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿದ್ದೆ.

ಕಾಪು, ಸೈಟ್ ಇಂಜಿನಿಯರ್: ಈ ನಾಚ್ ಬೀಮ್ ಎಲ್ಲ ಲ್ಯಾಬಿನ ಮಾತು. ನಮ್ಮ ಕಡಲ ಬದಿಯಲ್ಲಿ ಕಾಂಕ್ರೀಟ್ ಒಳಗಿನಿಂದ ಒಡೆಯುತ್ತದೆ. ಉಪ್ಪು ಹೊಕ್ಕು ಕಬ್ಬಿಣ ತುಕ್ಕು ಹಿಡಿದರೆ ಉಬ್ಬಿ ಕವರನ್ನೇ (ಕಬ್ಬಿಣದ ಹೊರಗಿನ ಕಾಂಕ್ರೀಟ್ ಪದರ) ಕಿತ್ತು ಹಾಕುತ್ತದೆ. ನನ್ನ ಮನೆಯ ಸಜ್ಜಾ ಹೀಗೆ ಬಿತ್ತು, ರಿಪೇರಿಗೆ 1,12,000. ಕಂಟ್ರಾಕ್ಟರ್ ತೊಳೆಯದ ಹೊಯ್ಗೆ ಹಾಕಿದ್ದ. ಅದನ್ನು ಮಾಡೆಲ್ ಮಾಡಿ ನೋಡುವ.

ಮಣಿಪಾಲ: ಸರ್, ಅವರು ಕೇಳಿದ್ದು ಅದಲ್ಲ. ಮತ್ತೆ ಹೊಯ್ಗೆಯನ್ನೇ ಯಾಕೆ ದೂರುತ್ತೀರಿ? ಕವರ್ ಎಷ್ಟು ಕೊಟ್ಟಿದ್ದರು?

ಕಾಪು, ಸೈಟ್ ಇಂಜಿನಿಯರ್: ಕವರ್ 25 ಮಿಮೀ ಇತ್ತು, ನಾನೇ ನಿಂತು ಅಳೆದದ್ದು. ಎಂ ಸ್ಯಾಂಡ್ ಎಂದು ಹಾಡುವವರು ಒಂದು ಸ್ಲ್ಯಾಬ್ ಹಾಕಿಸಿ ನೋಡಿ. ಪುಡಿ ಜಾಸ್ತಿ ಇದ್ದರೆ ನೀರು ಎಷ್ಟು ಕುಡಿಯುತ್ತದೆ ಗೊತ್ತುಂಟಾ?

ಮಣಿಪಾಲ: ಎಂ ಸ್ಯಾಂಡ್ ಮಾತು ನಾನು ಎತ್ತಲೇ ಇಲ್ಲ.

ಕಟಪಾಡಿ: ಉಡುಪಿಯವರೇ, ಜಿಎಫ್ ಲೆಕ್ಕಕ್ಕೆ ಬೀಮಿನ ಸ್ವಂತ ಭಾರ ಸೇರಿಸಿದ್ದೀರಾ? ನಾನು ಬಿಟ್ಟಿದ್ದೆ. ಇಡೀ ಅಧ್ಯಾಯ ಮತ್ತೆ ಬರೆಯಬೇಕಾಯಿತು.

ಉಡುಪಿ: ಸೇರಿಸಿಲ್ಲ. ಇವತ್ತೇ ನೋಡುತ್ತೇನೆ.